ಮಳೆಗೆ ಮೊದಲೇ ಅಗತ್ಯಗಳ ಲೆಕ್ಕ: ಬೆಂಗಳೂರಿನ ತಗ್ಗು ಬಡಾವಣೆಗಳಿಗೊಂದು ಸಮಗ್ರ ಮಾರ್ಗದರ್ಶಿ

2022ರ ಸೆಪ್ಟೆಂಬರ್ 5ರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತಂದ ದೃಶ್ಯಗಳು ಹಲವರ ನೆನಪಿನಲ್ಲಿವೆ. ಅದೇ ಮಳೆಗೆ, ನಗರದಿಂದ ದೂರದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ನಗರಕ್ಕೆ ಎತ್ತಿಕೊಡುವ ಯಂತ್ರಾಗಾರಕ್ಕೆ ನೆರೆ ನುಗ್ಗಿತು. ಹೀಗಾಗಿ ಹೊಸ್ತಿಲಿಗೆ ಒಂದು ಹನಿ ಮಳೆನೀರೂ ತಾಗದ ಬಡಾವಣೆಗಳ ನಲ್ಲಿಗಳಲ್ಲಿಯೂ ನೀರು ನಿಂತುಹೋಯಿತು.

ಮಳೆಯನ್ನು ಮುಂದಾಗಿ ತಿಳಿಯುವುದೂ, ಆ ಮಳೆಯಿಂದ ಯಾರಿಗೆ ಏನು ಬೇಕಾಗುತ್ತದೆ ಎಂಬುದನ್ನು ಮುಂದಾಗಿ ತಿಳಿಯುವುದೂ ಬೇರೆ ಬೇರೆ ಕೆಲಸಗಳೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಮೊದಲನೆಯದನ್ನು ಭಾರತೀಯ ಹವಾಮಾನ ಇಲಾಖೆಯೂ, ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಪ್ರತಿದಿನ ಮಾಡುತ್ತಿವೆ. ಎರಡನೆಯದನ್ನು ಬಡಾವಣೆಯನ್ನು ಬಲ್ಲವರೇ ಮಾಡಬೇಕು. ನಿವಾಸಿಗಳ ಸಂಘ, ಆಶಾ ಕಾರ್ಯಕರ್ತೆಯರು, ಶಾಲೆಯ ಶಿಕ್ಷಕರು ಮತ್ತು ನಾಲ್ಕಾರು ಸ್ವಯಂಸೇವಕರು ಒಟ್ಟಾಗಿ ಕುಳಿತರೆ ಏನೇನು ಲೆಕ್ಕ ಹಾಕಬೇಕು, ಯಾವ ಅನುಕ್ರಮದಲ್ಲಿ ಹಾಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೀಗೆ ಮೊದಲೇ ಲೆಕ್ಕ ಹಾಕುವುದರಿಂದ ಏನಾಗುತ್ತದೆ ಎಂದು ಕೇಳುವವರು ಒಡಿಶಾವನ್ನು ನೋಡಬೇಕು. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಅದು ದಡ ಮುಟ್ಟುವ ಮೊದಲೇ ಲಕ್ಷಾಂತರ ಜನರನ್ನು ಆಶ್ರಯ ಕಟ್ಟಡಗಳಿಗೆ ಸಾಗಿಸಿದ್ದರಿಂದ ಸಾವಿನ ಸಂಖ್ಯೆ ಎರಡಂಕಿಯಲ್ಲಿಯೇ ಉಳಿಯಿತು. ಚಂಡಮಾರುತಕ್ಕೆ ದಿನಗಳ ಮುನ್ಸೂಚನೆ ಇರುತ್ತದೆ, ಬೆಂಗಳೂರಿನ ಮೇಘಸ್ಫೋಟದಂಥ ಸಂಜೆಮಳೆಗೆ ಕೆಲವೇ ಗಂಟೆಗಳಿರುತ್ತವೆ, ನಿಜ. ಆದರೆ ಸಮಯ ಕಡಿಮೆ ಇದ್ದಷ್ಟೂ ಮೊದಲೇ ಬರೆದಿಟ್ಟ ಪಟ್ಟಿಯ ಬೆಲೆ ಹೆಚ್ಚುತ್ತದೆ.

ಮೊದಲ ಹೆಜ್ಜೆ: ವಾರ್ಡಿನ ಗಡಿಯನ್ನು ಬಿಟ್ಟು ನೀರಿನ ಗಡಿಯನ್ನು ಹಿಡಿಯುವುದು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಇಲ್ಲಿ ಬಿದ್ದ ನೀರು ಮುಖ್ಯವಾಗಿ ಮೂರು ಕಣಿವೆಗಳಾಗಿ ಹರಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆಗಳ ನೀರು ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿವೆ. ಬೆಳ್ಳಂದೂರು ತುಂಬಿದರೆ ವರ್ತೂರಿಗೆ. ಆದ್ದರಿಂದ ನಿಮ್ಮ ಬಡಾವಣೆಯ ಮೇಲೆ ಯಾವ ಕೆರೆಯಿದೆ, ಅದರ ಕೋಡಿ ಯಾವ ರಾಜಕಾಲುವೆಗೆ ಬೀಳುತ್ತದೆ, ಆ ಕಾಲುವೆ ನಿಮ್ಮ ಹತ್ತಿರ ಎಲ್ಲಿ ಇಕ್ಕಟ್ಟಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಮುಂದೆ ಹೋಗಬಾರದು. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿದೆ. ಮೇಲಿನ ಕೆರೆ ಒಂದು ಪಾಲಿಕೆಯಲ್ಲಿ, ಕೆಳಗಿನ ಬಡಾವಣೆ ಇನ್ನೊಂದರಲ್ಲಿ ಇದ್ದರೆ ಎರಡೂ ಕಡೆಯ ಅಧಿಕಾರಿಗಳ ಸಂಪರ್ಕ ನಿಮ್ಮ ಬಳಿ ಇರಬೇಕು.

ಇದನ್ನು ಕಾಗದದ ಮೇಲೆ ಮಾಡುವುದಕ್ಕಿಂತ ನಡೆದು ನೋಡುವುದೇ ಮೇಲು. ಬೇಸಿಗೆಯ ಒಂದು ಭಾನುವಾರ ಕೆರೆಯ ಕೋಡಿಯಿಂದ ಹೊರಟು ಕಾಲುವೆಯ ಪಕ್ಕದಲ್ಲಿಯೇ ಬಡಾವಣೆಯವರೆಗೆ ನಡೆಯಿರಿ. ಸೇತುವೆಯ ಕೆಳಗೆ ಹಾದುಹೋಗುವ ಕೊಳವೆಗಳು, ರೈಲು ಹಳಿಯ ಕೆಳಗಿನ ಕಿಂಡಿ, ಕಾಲುವೆಗೆ ಅಡ್ಡಲಾಗಿ ಹೋದ ನೀರಿನ ಪೈಪು, ಕಟ್ಟಡದ ಅವಶೇಷ ಸುರಿದ ಜಾಗ, ಇವೆಲ್ಲವನ್ನೂ ಗುರುತು ಹಾಕಿಕೊಳ್ಳಿ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಜಲಾವೃತವಾದಾಗ ಎಲ್ಲರ ಕಣ್ಣು ಬಿದ್ದದ್ದು ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿಯ ಮೇಲೆಯೇ.

ಎರಡನೆಯ ಹೆಜ್ಜೆ: ಗೋಡೆಗಳನ್ನು ಓದುವುದು

ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂಬ ದಾಖಲೆ ಬಹುತೇಕ ಬಡಾವಣೆಗಳಲ್ಲಿ ಯಾವ ಕಚೇರಿಯಲ್ಲಿಯೂ ಇರುವುದಿಲ್ಲ. ಅದು ಗೋಡೆಗಳ ಮೇಲಿರುತ್ತದೆ. ಅಳತೆ ಟೇಪು ಹಿಡಿದು ಪ್ರತಿ ಬೀದಿಯ ಮೊದಲ, ನಡುವಿನ ಮತ್ತು ಕೊನೆಯ ಮನೆಗೆ ಹೋಗಿ, ರಸ್ತೆಯ ಮಟ್ಟದಿಂದ ನೀರು ಎಷ್ಟು ಅಡಿ ಬಂದಿತ್ತು, ಯಾವ ವರ್ಷ, ಮಳೆ ಶುರುವಾದ ಎಷ್ಟು ಹೊತ್ತಿಗೆ ಬಂತು, ಎಷ್ಟು ದಿನ ನಿಂತಿತು ಎಂಬ ನಾಲ್ಕನ್ನು ಕೇಳಿ ಬರೆದುಕೊಳ್ಳಬೇಕು. ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳನ್ನು ಜನ ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಎಚ್ಚರಿಕೆಗೆ ಎಷ್ಟು ಸಮಯ ಸಿಗುತ್ತದೆ ಎಂಬುದು ಮೂರನೆಯದರಿಂದಲೂ, ಎಷ್ಟು ದಿನಗಳ ನೀರು ಮತ್ತು ಆಹಾರ ಬೇಕು ಎಂಬುದು ನಾಲ್ಕನೆಯದರಿಂದಲೂ ತಿಳಿಯುತ್ತದೆ.

ಇಂಥ ಒಂದು ಸುತ್ತಿನಲ್ಲಿ ನಾನು ಮಾತನಾಡಿಸಿದ ಅಜ್ಜಿಯೊಬ್ಬರು ಹೇಳಿದ ಮಾತು ನನ್ನ ಪಟ್ಟಿಯನ್ನೇ ಬದಲಿಸಿತು. “ಊಟ ಬೇಕಾದಷ್ಟು ಬಂತಪ್ಪ, ಮಿಕ್ಕಿ ಬಿಸಾಡಿದ್ವಿ. ಉಟ್ಕೊಳ್ಳೋಕೆ ಒಂದು ಒಣಗಿದ ಸೀರೆ ಮಾತ್ರ ಯಾರೂ ತರ್ಲಿಲ್ಲ” ಎಂದರು. ಆ ದಿನದಿಂದ ಒಣ ಬಟ್ಟೆ, ಹೊದಿಕೆ ಮತ್ತು ಮುಟ್ಟಿನ ಪ್ಯಾಡುಗಳನ್ನು ನಾನು ಊಟಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಹೆಜ್ಜೆ: ಜನರ ಲೆಕ್ಕ

2011ರ ಜನಗಣತಿಯ ಅಂಕಿಗಳನ್ನು ಹಿಡಿದು ಈ ಕೆಲಸ ಮಾಡಲಾಗದು. ಅದಾದ ಮೇಲೆ ನಗರದ ಅಂಚಿನ ಬಡಾವಣೆಗಳು ಗುರುತು ಸಿಗದಷ್ಟು ಬೆಳೆದಿವೆ. ಅದಕ್ಕಿಂತ ಮುಖ್ಯವಾಗಿ, ಅತಿ ಹೆಚ್ಚು ತೊಂದರೆಗೆ ಒಳಗಾಗುವವರೇ ಪಟ್ಟಿಯ ಹೊರಗಿರುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಖಾಲಿ ನಿವೇಶನಗಳಲ್ಲಿ ನೀಲಿ ತಾಡಪಾಲಿನ ಶೆಡ್ಡು ಹಾಕಿಕೊಂಡವರು, ನೆಲಮಾಳಿಗೆಯಲ್ಲಿ ಮಲಗುವ ಕಾವಲುಗಾರರು, ಚಿಂದಿ ಆಯುವ ಕುಟುಂಬಗಳು ಯಾವ ನಿವಾಸಿಗಳ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಇರುವುದಿಲ್ಲ. ಅವರ ನೆಲೆ ಕಾಲುವೆಗೆ ಅತ್ಯಂತ ಹತ್ತಿರದಲ್ಲಿಯೇ ಇರುತ್ತದೆ, ಏಕೆಂದರೆ ಬಾಡಿಗೆ ಕಡಿಮೆ ಇರುವುದು ಅಲ್ಲಿಯೇ. ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿ ಇವರಲ್ಲಿ ಹಲವರನ್ನು ಬಲ್ಲರು. ಮೇಸ್ತ್ರಿಗಳು ಉಳಿದವರನ್ನು ಬಲ್ಲರು. ಶೆಡ್ಡುಗಳು ಸ್ಥಳ ಬದಲಿಸುವುದರಿಂದ ಈ ಭಾಗವನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಎಣಿಸಬೇಕು.

ಪ್ರತಿ ಮನೆಗೆ ಬರೆದುಕೊಳ್ಳಬೇಕಾದದ್ದು ಹೆಚ್ಚಿಲ್ಲ. ಎಷ್ಟು ಜನ, ಯಾವ ಮಹಡಿ, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಒಬ್ಬರೇ ನಡೆಯಲಾಗದವರು, ಡಯಾಲಿಸಿಸ್‌ಗೆ ಹೋಗುವವರು, ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವವರು, ಇನ್ಸುಲಿನ್ ಇಟ್ಟುಕೊಂಡವರು, ದನಕರುಗಳು. ಕೊನೆಯದು ಸಣ್ಣ ವಿಷಯವೆನಿಸಬಹುದು. ಆದರೆ ಕೊಟ್ಟಿಗೆಯಲ್ಲಿ ಹಸು ಇರುವ ಮನೆಯವರು ಹಸುವಿಗೆ ಜಾಗ ತೋರಿಸುವವರೆಗೆ ಮನೆ ಬಿಡುವುದಿಲ್ಲ. ಕಾಯಿಲೆಯ ವಿವರಗಳನ್ನು ಕೇಳುವಾಗ ಏಕೆ ಕೇಳುತ್ತಿದ್ದೇವೆಂದು ಹೇಳಿ ಒಪ್ಪಿಗೆ ಪಡೆಯಬೇಕು, ಆ ಹಾಳೆ ಇಬ್ಬರ ಬಳಿ ಮಾತ್ರ ಇರಬೇಕು, ಗುಂಪಿನಲ್ಲಿ ಎಂದಿಗೂ ಹಂಚಬಾರದು.

ನಾಲ್ಕನೆಯ ಹೆಜ್ಜೆ: ಮುನ್ಸೂಚನೆಯನ್ನು ಸರಿಯಾಗಿ ಓದುವುದು

ಹವಾಮಾನ ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ., ‘ಅತಿ ಭಾರಿ’ ಎಂದರೆ 115.6ರಿಂದ 204.4 ಮಿ.ಮೀ.; ಅದಕ್ಕೂ ಮೇಲಿನದು ‘ಅತ್ಯಂತ ಭಾರಿ’. ‘ಒಂದೆರಡು ಕಡೆ’ ಮಳೆ ಎಂದು ಬರೆದಿದ್ದರೆ ಆ ಪ್ರದೇಶದ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆಯಾಗಬಹುದೆಂದು ಅರ್ಥ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕ್ರಮವಾಗಿ ಗಮನವಿಡಿ, ಸಿದ್ಧರಾಗಿ, ಕ್ರಮ ಕೈಗೊಳ್ಳಿ ಎಂಬ ಸೂಚನೆಗಳು.

ಇಲ್ಲಿ ಎರಡು ತಪ್ಪುಗಳನ್ನು ಪದೇ ಪದೇ ಕಂಡಿದ್ದೇನೆ. ಒಂದು, 24 ಗಂಟೆಗಳ ಅಂಕಿಯನ್ನೇ ನಂಬಿ ಕೂರುವುದು. ದಿನವಿಡೀ ಜಿಟಿಜಿಟಿ ಎಂದು ಸುರಿಯುವ 60 ಮಿ.ಮೀ. ನಮ್ಮ ಚರಂಡಿಗಳಿಗೆ ಭಾರವಲ್ಲ. ಅದೇ 60 ಮಿ.ಮೀ. ಸಂಜೆ ಐದರಿಂದ ಆರರ ನಡುವೆ ಸುರಿದರೆ ಅಂಡರ್‌ಪಾಸುಗಳು ಬಾವಿಗಳಾಗುತ್ತವೆ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ಸಿಲುಕಿದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ಇಂಥ ಮುಂಗಾರುಪೂರ್ವ ಮಳೆಯಲ್ಲಿಯೇ. ಆದ್ದರಿಂದ ಐದು ದಿನಗಳ ಮುನ್ಸೂಚನೆಯ ಜೊತೆಗೆ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆಯನ್ನೂ, ವಿಕೋಪ ಉಸ್ತುವಾರಿ ಕೇಂದ್ರದ ಮೇಘ ಸಂದೇಶ ಆ್ಯಪ್‌ನಲ್ಲಿ ನಿಮ್ಮ ಬಡಾವಣೆಗಿಂತ ಮೇಲಿರುವ ಮಳೆಮಾಪಕಗಳನ್ನೂ ನೋಡಬೇಕು. ನಿಮ್ಮ ತಲೆಯ ಮೇಲೆ ಬಿದ್ದ ಮಳೆಗಿಂತ ಕಣಿವೆಯ ಮೇಲ್ಭಾಗದಲ್ಲಿ ಬಿದ್ದ ಮಳೆಯೇ ನಿಮ್ಮ ಬಾಗಿಲಿಗೆ ಬರುವುದು.

ಎರಡನೆಯ ತಪ್ಪು, ಕೆರೆಯನ್ನು ಮರೆಯುವುದು. 2022ರಲ್ಲಿ ಸೆಪ್ಟೆಂಬರ್ ಮಳೆ ಅಷ್ಟು ಹಾನಿ ಮಾಡಿದ್ದಕ್ಕೆ ಆಗಸ್ಟ್ ಕೊನೆಯ ಮಳೆಗೇ ಪೂರ್ವಭಾಗದ ಕೆರೆಗಳು ತುಂಬಿಕೊಂಡಿದ್ದದ್ದು ಒಂದು ದೊಡ್ಡ ಕಾರಣ. ಕೋಡಿಗೆ ಇನ್ನೆಷ್ಟು ಅಡಿ ಬಾಕಿಯಿದೆ ಎಂಬುದನ್ನು ಆಗಸ್ಟ್‌ನಿಂದ ನವೆಂಬರ್‌ವರೆಗೆ ವಾರಕ್ಕೆರಡು ಬಾರಿ ಒಬ್ಬರು ಹೋಗಿ ನೋಡಿ ಬರೆಯಬೇಕು. ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಹೋಗುವ ಹಿರಿಯರಿಗೆ ಈ ಕೆಲಸ ಒಪ್ಪಿಸಿದರೆ ಒಂದು ದಿನವೂ ತಪ್ಪುವುದಿಲ್ಲ.

ಐದನೆಯ ಹೆಜ್ಜೆ: ನೀರಿನ ಮಟ್ಟದಿಂದ ಅಗತ್ಯದ ಪಟ್ಟಿಗೆ

ಇಡೀ ಕೆಲಸದ ಹೃದಯ ಇದು. ಒಂದು ಕಾಲ್ಪನಿಕ ಬಡಾವಣೆಯನ್ನು ತೆಗೆದುಕೊಳ್ಳೋಣ: 300 ಮನೆಗಳು, ಮನೆಗೆ ಸರಾಸರಿ 4.2 ಜನರಂತೆ 1,260 ಜನ. ನೀರು ಮೊಣಕಾಲಿನ ಮಟ್ಟಕ್ಕೆ ಬಂದರೆ ನಿಮ್ಮ ಗೋಡೆಗಳ ದಾಖಲೆಯ ಪ್ರಕಾರ 90 ನೆಲಮಹಡಿ ಮನೆಗಳೊಳಗೆ ನುಗ್ಗುತ್ತದೆ ಎನ್ನೋಣ. ಅಂದರೆ ಸುಮಾರು 380 ಜನ ಮನೆ ಬಿಡಬೇಕು. ಇವರಲ್ಲಿ ಅರ್ಧದಷ್ಟು ಜನ ನೆಂಟರ ಮನೆಗೋ ಮೇಲಿನ ಮಹಡಿಯವರ ಬಳಿಗೋ ಹೋದರೂ 190 ಜನರಿಗೆ ಕಾಳಜಿ ಕೇಂದ್ರ ಬೇಕು.

ಪರಿಹಾರ ಕಾರ್ಯದಲ್ಲಿ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡಗಳ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಸೂರಿನಡಿ ಜಾಗ, ದಿನಕ್ಕೆ ಕನಿಷ್ಠ 15 ಲೀಟರ್ ನೀರು, ದಿನಕ್ಕೆ 2,100 ಕಿಲೋ ಕ್ಯಾಲೊರಿ ಆಹಾರ ಬೇಕು. ಮೊದಲ ದಿನಗಳಲ್ಲಿ 50 ಜನರಿಗೊಂದು, ಬಳಿಕ 20 ಜನರಿಗೊಂದು ಶೌಚಾಲಯ ಇರಬೇಕು. 190 ಜನರಿಗೆ 665 ಚದರ ಮೀಟರ್ ಜಾಗವಾಯಿತು. ಇಪ್ಪತ್ತಕ್ಕೆ ಇಪ್ಪತ್ತು ಅಡಿಯ ಒಂದು ತರಗತಿ ಕೊಠಡಿ ಸುಮಾರು 37 ಚದರ ಮೀಟರ್ ಇರುತ್ತದೆ. ಆರು ಕೊಠಡಿಗಳ ಸರ್ಕಾರಿ ಶಾಲೆಯಲ್ಲಿ ಹಿಡಿಸುವುದು 63 ಜನ ಮಾತ್ರ. ಉಳಿದ 127 ಜನರಿಗೆ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಬೇಕೆಂಬುದು ಮಳೆಯ ರಾತ್ರಿ ಗೊತ್ತಾಗುವ ಬದಲು ಮಾರ್ಚ್ ತಿಂಗಳಲ್ಲಿಯೇ ಗೊತ್ತಾಗುತ್ತದೆ. ಆಯ್ದ ಕಟ್ಟಡವೇ ತಗ್ಗಿನಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಬೀಗದ ಕೈ ಯಾರ ಬಳಿಯಿರುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು.

ಈಗ ನೀರಿನ ಲೆಕ್ಕ. ಕಾಳಜಿ ಕೇಂದ್ರದ 190 ಜನರಿಗೆ ದಿನಕ್ಕೆ 2,850 ಲೀಟರ್ ಸಾಕು. ಆದರೆ ಮನೆಯೊಳಗೆ ನೀರು ನುಗ್ಗದಿದ್ದರೂ ಅಂಗಳದ ಸಂಪಿನೊಳಗೆ (ನೆಲದಡಿಯ ನೀರಿನ ತೊಟ್ಟಿಯೊಳಗೆ) ಕೊಳಚೆ ನೀರು ಸೇರಿದ ಉಳಿದ 210 ಮನೆಗಳನ್ನು ನೋಡಿ. ಅಲ್ಲಿರುವ 880 ಜನರಿಗೆ ದಿನಕ್ಕೆ 13,200 ಲೀಟರ್ ಬೇಕು. ಎರಡೂ ಸೇರಿ 16,050 ಲೀಟರ್, ಅಂದರೆ 6,000 ಲೀಟರಿನ ಮೂರು ಟ್ಯಾಂಕರ್‌ಗಳು. ಸ್ಥಳಾಂತರಗೊಂಡವರಿಗಿಂತ ಮನೆಯಲ್ಲಿಯೇ ಉಳಿದವರ ನೀರಿನ ಅಗತ್ಯ ನಾಲ್ಕು ಪಟ್ಟಿಗಿಂತ ಹೆಚ್ಚು. ಪರಿಹಾರವೆಂದರೆ ಕಾಳಜಿ ಕೇಂದ್ರವೆಂದಷ್ಟೇ ತಿಳಿದವರು ಇದನ್ನು ಕಾಣುವುದಿಲ್ಲ. ಟ್ಯಾಂಕರ್ ಬರುವ ರಸ್ತೆಯೂ ಮುಳುಗಬಹುದಾದ್ದರಿಂದ, ಅದು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಕೊಡಗಳಲ್ಲಿ ಹೊತ್ತು ತರಲಾಗದ ಮನೆಗಳಿಗೆ ಯಾರು ತಲುಪಿಸುತ್ತಾರೆ ಎಂಬುದನ್ನೂ ತೀರ್ಮಾನಿಸಬೇಕು.

ಒಂದೇ ಅಂಕಿಯನ್ನು ಬರೆದಿಡುವುದು ಸರಿಯಲ್ಲ. ಪಾದ ಮುಳುಗುವಷ್ಟು, ಮೊಣಕಾಲಿನಷ್ಟು, ಸೊಂಟದಷ್ಟು ಎಂದು ಮೂರು ಮಟ್ಟಗಳಿಗೆ ಮೂರು ಲೆಕ್ಕ ಹಾಕಿ. ಅರ್ಧದಷ್ಟು ಜನ ನೆಂಟರ ಮನೆಗೆ ಹೋಗುತ್ತಾರೆ ಎಂಬಂಥ ಊಹೆಗಳನ್ನು ಬದಿಯಲ್ಲಿ ಬರೆದಿಟ್ಟರೆ ಮುಂದೆ ತಿದ್ದಬಹುದು. ಶೆಡ್ಡುಗಳಲ್ಲಿರುವವರಿಗೆ ನಗರದಲ್ಲಿ ನೆಂಟರಿರುವುದಿಲ್ಲ. ಅವರೆಲ್ಲರನ್ನೂ ಕಾಳಜಿ ಕೇಂದ್ರದ ಲೆಕ್ಕಕ್ಕೇ ಸೇರಿಸಬೇಕು.

ಅಗತ್ಯಗಳು ಒಂದೇ ದಿನ ಬರುವುದೂ ಇಲ್ಲ. ಮೊದಲ ಆರು ಗಂಟೆಗಳಲ್ಲಿ ಬೇಕಾಗುವುದು ಎತ್ತಿ ಸಾಗಿಸುವ ಕೈಗಳು, ಹಗ್ಗ, ಟಾರ್ಚು, ಒಣ ಬಟ್ಟೆ. ವಿದ್ಯುತ್ ಆಘಾತವಾಗದಿರಲೆಂದು ಬೆಸ್ಕಾಂ ಸಿಬ್ಬಂದಿ ಪೂರೈಕೆ ನಿಲ್ಲಿಸುವುದು ಅನಿವಾರ್ಯವಾದ್ದರಿಂದ, ಆಮ್ಲಜನಕದ ಯಂತ್ರ ಬಳಸುವವರು ಮತ್ತು ಲಿಫ್ಟ್ ಇಲ್ಲದೆ ಇಳಿಯಲಾಗದವರು ಈ ಮೊದಲ ಗಂಟೆಗಳಲ್ಲಿಯೇ ಪಟ್ಟಿಯ ತುದಿಗೆ ಬರುತ್ತಾರೆ; ಅನೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಜನರೇಟರ್ ಇರುವುದೂ ನೆಲಮಾಳಿಗೆಯಲ್ಲಿಯೇ. ಎರಡನೆಯ ದಿನಕ್ಕೆ ಕುಡಿಯುವ ನೀರು, ಶೌಚಾಲಯ, ಔಷಧ, ಮಕ್ಕಳ ಹಾಲು. ಮೂರನೆಯ ದಿನದಿಂದ ಸಂಪು ತೊಳೆದು ಕ್ಲೋರಿನ್ ಹಾಕುವ ಕೆಲಸ, ಕೆಸರು ತೆಗೆಯುವ ಸಲಿಕೆಗಳು, ಕೂಲಿ ತಪ್ಪಿದವರಿಗೆ ದಿನಸಿ, ನೆನೆದುಹೋದ ಪಡಿತರ ಚೀಟಿ ಮತ್ತು ಆಧಾರ್‌ಗೆ ಬದಲಿ. ಸಂಪು ಶುದ್ಧವಾಯಿತೇ ಎಂದು ತಿಳಿಯಲು ನೀರಿನಲ್ಲಿ ಉಳಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ಎಂದು ಪರೀಕ್ಷಾ ಕಿಟ್‌ನಿಂದ ನೋಡಬೇಕು.

ಆಮೇಲೆ ಬರುವುದು ಎಲ್ಲರೂ ಮರೆಯುವ ಅಲೆ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ, ಅದು ಸೋಂಕು ಹೊತ್ತು ಕಚ್ಚಿದ ಮೇಲೆ ಡೆಂಗಿ ಜ್ವರ ಕಾಣಿಸಲು ನಾಲ್ಕರಿಂದ ಹತ್ತು ದಿನ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರವೂ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ತಲೆಯೆತ್ತುತ್ತದೆ. ದೋಣಿಗಳೂ ಕ್ಯಾಮೆರಾಗಳೂ ಹೋಗಿ ಎರಡು ವಾರವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಸಾಲು ಬೆಳೆಯುತ್ತದೆ. ಕೆಸರು ತೆಗೆದ ಪೌರಕಾರ್ಮಿಕರು ಆ ಸಾಲಿನಲ್ಲಿ ಇರಬಾರದೆಂದರೆ ಗಮ್‌ಬೂಟು ಮತ್ತು ಕೈಗವಸುಗಳನ್ನು ಮೂರನೆಯ ದಿನದ ಪಟ್ಟಿಯಲ್ಲಿ ಬರೆದಿರಬೇಕು.

ಆರನೆಯ ಹೆಜ್ಜೆ: ಯಾವಾಗ ಹೆಜ್ಜೆ ಇಡಬೇಕು

ಎಷ್ಟು ಅಪಾಯ ಕಂಡರೆ ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಸರಳ ಲೆಕ್ಕವಿದೆ. ಮುಂಜಾಗ್ರತೆಗೆ ಆಗುವ ಖರ್ಚನ್ನು, ಅದರಿಂದ ತಪ್ಪುವ ನಷ್ಟದಿಂದ ಭಾಗಿಸಿ. ಟ್ಯಾಂಕರ್ ಮುಂಗಡ, ಮಂಟಪದ ಕಾಯ್ದಿರಿಸುವಿಕೆ, ಸಾಗಾಟ ಸೇರಿ 20,000 ರೂಪಾಯಿ ಖರ್ಚಾಗಿ, ಒಂದು ಲಕ್ಷದ ನಷ್ಟ ತಪ್ಪುವುದಾದರೆ, ನೆರೆಯ ಸಂಭವ ಐದರಲ್ಲಿ ಒಂದಕ್ಕಿಂತ ಹೆಚ್ಚಾದ ಕೂಡಲೇ ಖರ್ಚು ಮಾಡುವುದೇ ಲಾಭ. ಇದರರ್ಥ ಐದು ಬಾರಿ ಸಿದ್ಧರಾಗಿ ನಾಲ್ಕು ಬಾರಿ ನೀರು ಬರದಿದ್ದರೂ ಹಣ ದಂಡವಾಗಲಿಲ್ಲ. ಜೀವಾಪಾಯವಿದ್ದಲ್ಲಿ ಈ ಭಾಗಾಕಾರಕ್ಕೆ ಕಾಯಲೇಬಾರದು. ಕಾಲುವೆಯ ದಡದ ಶೆಡ್ಡುಗಳಲ್ಲಿ ಮಲಗಿದ ಮಕ್ಕಳನ್ನು ಕಿತ್ತಳೆ ಎಚ್ಚರಿಕೆಯ ಸಂಜೆಯೇ ಮೇಲಕ್ಕೆ ಕರೆತರಬೇಕು.

ಹಣ ಮೊದಲೇ ಸಿದ್ಧವಿದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯ ನೆರೆಗೆ ವಿಶ್ವಸಂಸ್ಥೆಯ ತುರ್ತು ನಿಧಿ, ಮುನ್ಸೂಚನೆ ನಿಗದಿತ ಮಟ್ಟ ದಾಟಿದ ಕೂಡಲೇ, ನೆರೆ ತುದಿ ಮುಟ್ಟುವ ಮೊದಲೇ ಹಣ ಬಿಡುಗಡೆ ಮಾಡಿತು. ಯಾವ ಮಟ್ಟಕ್ಕೆ ಎಷ್ಟು ಹಣ ಎಂಬುದು ಮೊದಲೇ ಒಪ್ಪಂದವಾಗಿದ್ದರಿಂದ ಚರ್ಚೆಗೆ ಹೊತ್ತು ಹೋಗಲಿಲ್ಲ. ಬಡಾವಣೆಯ ಮಟ್ಟದಲ್ಲಿ ಇದನ್ನು ಹೀಗೆ ಬರೆಯಬಹುದು. ಕೋಡಿಗೆ ಎರಡಡಿ ಬಾಕಿಯಿದ್ದು ಹಳದಿ ಎಚ್ಚರಿಕೆ ಬಂದರೆ ಪಟ್ಟಿಯಲ್ಲಿರುವವರಿಗೆ ಕರೆ ಮಾಡಿ ದೂರವಾಣಿ ಸಂಖ್ಯೆಗಳನ್ನು ಪರೀಕ್ಷಿಸುವುದು. ಕಿತ್ತಳೆ ಬಂದರೆ, ಅಥವಾ ಕೆರೆ ತುಂಬಿದ್ದು ಹಳದಿ ಬಂದರೂ, ಶಾಲೆಯ ಬೀಗ ತೆರೆಸುವುದು, ಟ್ಯಾಂಕರ್‌ಗೆ ಮುಂಗಡ ಕೊಡುವುದು, ಡಯಾಲಿಸಿಸ್ ಸರದಿ ಮರುದಿನವಿದ್ದವರನ್ನು ಅಂದೇ ಆಸ್ಪತ್ರೆಯ ಹತ್ತಿರಕ್ಕೆ ಕಳುಹಿಸುವುದು. ಮೇಲಿನ ಮಳೆಮಾಪಕದಲ್ಲಿ ಒಂದು ಗಂಟೆಗೆ 40 ಮಿ.ಮೀ. ದಾಟಿದರೆ ಯಾರ ಅಪ್ಪಣೆಗೂ ಕಾಯದೆ ಸ್ಥಳಾಂತರ. ಈ 40 ಎಂಬುದು ಉದಾಹರಣೆ. ನಿಮ್ಮ ಅಂಕಿ ನಿಮ್ಮ ಗೋಡೆಗಳಿಂದಲೇ ಹುಟ್ಟಬೇಕು. ಪ್ರತಿ ಸಾಲಿನ ಎದುರು ಒಬ್ಬರ ಹೆಸರು, ಅವರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರ ಹೆಸರು ಇರಲಿ. ‘ಸಮಿತಿ’ ಎಂದು ಬರೆದ ಸಾಲಿನ ಕೆಲಸವನ್ನು ಯಾರೂ ಮಾಡುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಿಮ್ಮ ಹಾಳೆಯ ಪ್ರತಿಯನ್ನು ಅವರ ಕಚೇರಿಗೆ, ಪಾಲಿಕೆಯ ವಲಯ ಕಚೇರಿಗೆ, ಜಲಮಂಡಳಿ ಮತ್ತು ಬೆಸ್ಕಾಂನ ಸ್ಥಳೀಯ ಎಂಜಿನಿಯರ್‌ಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ; ರೋಗಿಗಳ ಹೆಸರುಗಳನ್ನು ಮಾತ್ರ ತೆಗೆದಿರಬೇಕು.

ಏಳನೆಯ ಹೆಜ್ಜೆ: ಹಳೆಯ ಮಳೆಯ ಮೇಲೆ ಪರೀಕ್ಷೆ

ಯೋಜನೆ ಸಿದ್ಧವಾದ ಮೇಲೆ ಹಿಂದಿನ ಎರಡು ಮೂರು ನೆರೆಗಳನ್ನು ಅದರ ಮೇಲೆ ಓಡಿಸಿ ನೋಡಬೇಕು. ಯಲಹಂಕದವರಾದರೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ವಿಹಾರ ಮುಳುಗಿದ ದಿನಗಳನ್ನು ತೆಗೆದುಕೊಳ್ಳಬಹುದು. ಆ ವಾರದ ಎಚ್ಚರಿಕೆಗಳು ಏನಿದ್ದವು, ನಿಮ್ಮ ನಿಯಮದಂತೆ ಎಷ್ಟು ಗಂಟೆಗೆ ಶಾಲೆಯ ಬೀಗ ತೆರೆಯುತ್ತಿತ್ತು, ನೀರು ಎಷ್ಟು ಗಂಟೆಗೆ ಬಂತು? ಬೀಗ ತೆರೆದದ್ದು ನೀರು ಬಂದ ಮೇಲೆ ಎಂದಾದರೆ ನಿಮ್ಮ ನಿಯಮದಲ್ಲಿ ಬರೆದ ಮಟ್ಟವನ್ನು ತಗ್ಗಿಸಿ. ಹಾಗೆಯೇ ಎಚ್ಚರಿಕೆ ಬಂದೂ ನೀರು ಬರದ ದಿನಗಳನ್ನು, ಎಚ್ಚರಿಕೆಯೇ ಇಲ್ಲದೆ ನೀರು ಬಂದ ದಿನಗಳನ್ನು ಬೇರೆ ಬೇರೆ ಎಣಿಸಿ. ನನ್ನ ಅಭಿಪ್ರಾಯದಲ್ಲಿ ಎರಡನೆಯದು ಒಂದು ಬಾರಿ ಆಗುವುದಕ್ಕಿಂತ ಮೊದಲನೆಯದು ಹತ್ತು ಬಾರಿ ಆಗುವುದು ವಾಸಿ. ಆದರೆ ಸುಳ್ಳು ಎಚ್ಚರಿಕೆಯ ಮರುದಿನವೇ ಮನೆಮನೆಗೆ ಹೋಗಿ ಏಕೆ ಹಾಗಾಯಿತೆಂದು ಹೇಳದಿದ್ದರೆ ಮುಂದಿನ ಸಲ ಜನ ಏಳುವುದಿಲ್ಲ.

ಮೇ ತಿಂಗಳ ಗುಡುಗುಮಳೆಗಿಂತ ಮುಂಚೆ, ಏಪ್ರಿಲ್ ಎರಡನೆಯ ವಾರದೊಳಗೆ ಇಡೀ ಹಾಳೆಯನ್ನು ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಗಿಂತ ಮುಂಚೆ ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ತಿದ್ದಬೇಕು. ನೀರು ಬಂದು ಹೋದ ಮೂರು ದಿನಗಳೊಳಗೆ, ಮನೆಯವರು ಸುಣ್ಣ ಬಳಿಯುವ ಮೊದಲು, ಟೇಪು ಹಿಡಿದು ಮತ್ತೆ ಅದೇ ಮನೆಗಳಿಗೆ ಹೋಗಿ ಹೊಸ ಗುರುತನ್ನು ಅಳೆದು, ಏನು ಸಾಲದೆ ಬಂತು, ಏನು ಮಿಕ್ಕಿತು ಎಂಬುದನ್ನು ಅದೇ ಹಾಳೆಯ ಬದಿಯಲ್ಲಿ ದಿನಾಂಕದೊಂದಿಗೆ ಬರೆಯಿರಿ.